ಬೋನಿನ ಹುಲಿ, ಡೇರೆಯ ಆಟಗಾರ ಮತ್ತು ಕಾಯಿದೆ

(ಕಾರ್ಮಿಕರ ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)

ಮಜೂರಿ, ತುಟ್ಟಿಭತ್ಯೆ, ಅಂಗಡಿಯ ತೆರಿಗೆ ಇವುಗಳ ವಿಚಾರವಾಗಿ ಈ ಕೂಟದಲ್ಲಿ ನಾವು ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಆರಿಸಿಕೊಂಡ ವಿಷಯ ಸ್ವಲ್ಪ ಬೇರೆ. ಸರ್ಕಸ್ಸಿನ ಹುಲಿ, ಕಂಬಳದ ಕೋಣ, ಅವುಗಳ ಪಕ್ಕದಲ್ಲೇ ಮೈಯನ್ನು ಪಣಕ್ಕಿಟ್ಟು ಆಡುವ ಮನುಷ್ಯ: ಇವರಿಗೆ ನಮ್ಮ ದೇಶದ ಕಾಯಿದೆ ಏನು ಮಾಡಿದೆ, ಏನು ಮಾಡದೆ ಬಿಟ್ಟಿದೆ ಎಂಬುದೇ ಇಂದಿನ ಮಾತು.

ಗಿರಣಿಯಲ್ಲಿ ದುಡಿಯುವವರಿಗೆ, ಚಿಕ್ಕ ಅಂಗಡಿ ಇಟ್ಟುಕೊಂಡವರಿಗೆ ಇದರಿಂದ ಆಗಬೇಕಾದದ್ದೇನು ಎಂದು ಕೆಲವರು ಕೇಳಬಹುದು. ಆಗಬೇಕಾದದ್ದು ಇದೆ. ಯಂತ್ರದ ಮುಂದೆ ನಿಂತವನು ತನ್ನ ಕೈಯನ್ನೂ ಕಣ್ಣನ್ನೂ ದಿನಕ್ಕೆ ಎಂಟು ತಾಸು ಮಾರುತ್ತಾನೆ. ಡೇರೆಯ ನೆತ್ತಿಯಲ್ಲಿ ಜೋಕಾಲಿಯಿಂದ ಜೋಕಾಲಿಗೆ ಹಾರುವವನು ಇಡೀ ದೇಹವನ್ನೇ ಮಾರುತ್ತಾನೆ. ಹುಲಿ ಏನನ್ನೂ ಮಾರುವುದಿಲ್ಲ. ಅದನ್ನೇ ಯಾರೋ ಮಾರಿರುತ್ತಾರೆ. ಈ ಮೂವರ ದುಡಿಮೆಯ ಲಾಭವೂ ಬೇರೊಬ್ಬರ ಪೆಟ್ಟಿಗೆಗೆ ಸೇರುತ್ತದೆ. ದುಡಿಯುವ ದೇಹದ ಕಡೆಗೆ ಕಾಯಿದೆ ಯಾವಾಗ ತಿರುಗಿ ನೋಡುತ್ತದೆ, ನೋಡಿದ ಮೇಲೆ ಎಷ್ಟು ದೂರ ಜೊತೆಗೆ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ ಸರ್ಕಸ್ಸಿನ ಡೇರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಐವತ್ತು ರೂಪಾಯಿಯ ಭಯ

ಮೊದಲು ಪ್ರಾಣಿಯ ಕತೆ. ಬ್ರಿಟಿಷರ ಕಾಲದಲ್ಲಿ 1890ರ ಪ್ರಾಣಿಹಿಂಸೆ ತಡೆ ಕಾಯಿದೆಯೊಂದಿತ್ತು. ಅದರ ಕೈ ಬಹಳ ಮೊಟಕು. ಸ್ವಾತಂತ್ರ್ಯ ಬಂದ ಮೇಲೆ ರಾಜ್ಯಸಭೆಯ ಸದಸ್ಯೆಯಾಗಿದ್ದ, ಭರತನಾಟ್ಯದ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ಹೊಸ ಮಸೂದೆಯನ್ನು ತಾವೇ ಸಭೆಯ ಮುಂದಿಟ್ಟರು. ಸರಕಾರವೇ ಕಾಯಿದೆ ತರುತ್ತದೆಂದು ಪ್ರಧಾನಿ ನೆಹರೂ ಅವರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹಾಗೆ ಬಂದದ್ದೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರ ಅಡಿಯಲ್ಲಿ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು. ರುಕ್ಮಿಣೀದೇವಿಯವರೇ ಅದರ ಮೊದಲ ಅಧ್ಯಕ್ಷೆ.

ಕಾಯಿದೆ ಒಳ್ಳೆಯದೇ. ಪ್ರಾಣಿಯನ್ನು ಹೊಡೆಯಬಾರದು, ಹಸಿವಿನಲ್ಲಿ ಇಡಬಾರದು, ಮೈ ಹೊರಳಿಸಲಾಗದ ಬೋನಿನಲ್ಲಿ ಕೂಡಬಾರದು ಎಂದೆಲ್ಲ ಅದರಲ್ಲಿದೆ. ಆದರೆ ಹೀಗೆ ಮಾಡಿದವನಿಗೆ ಮೊದಲ ತಪ್ಪಿಗೆ ದಂಡ ಎಷ್ಟು? ಹೆಚ್ಚೆಂದರೆ 50 ರೂಪಾಯಿ. 1960ರಲ್ಲಿ ಬರೆದ ಆ ಮಿತಿ ಅರವತ್ತು ವರ್ಷ ಕಳೆದು 2020 ಬಂದಾಗಲೂ 50 ರೂಪಾಯಿಯಾಗಿಯೇ ಇತ್ತು. ಆ ಅರವತ್ತು ವರ್ಷಗಳಲ್ಲಿ ಅಕ್ಕಿಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಇಲ್ಲಿ ಕುಳಿತಿರುವ ಅಂಗಡಿಯವರಿಗೆ ನಾವು ಹೇಳಬೇಕಾಗಿಲ್ಲ. ಎಲ್ಲ ಪದಾರ್ಥದ ಬೆಲೆ ಏರಿತು; ಮೂಕಪ್ರಾಣಿಯ ನೋವಿನ ಬೆಲೆ ಮಾತ್ರ ಏರಲಿಲ್ಲ.

ಇದೇ ಕಾಯಿದೆಯಲ್ಲಿ ಆಟಕ್ಕೆ ಬಳಸುವ ಪ್ರಾಣಿಗಳಿಗಾಗಿ ಒಂದು ಅಧ್ಯಾಯವಿದೆ. ಅಂಥ ಪ್ರಾಣಿಯನ್ನು ಪಳಗಿಸುವವನು, ಜನರ ಮುಂದೆ ಆಡಿಸುವವನು ಹೆಸರು ನೋಂದಾಯಿಸಬೇಕು. ಇಂತಿಂಥ ಪ್ರಾಣಿಯನ್ನು ಆಡಿಸಲೇಬಾರದು ಎಂದು ಪ್ರಕಟಿಸುವ ಅಧಿಕಾರ 22ನೆಯ ಕಲಮಿನಲ್ಲಿ ಕೇಂದ್ರ ಸರಕಾರಕ್ಕೆ ಇದೆ. ಈ ಅಧಿಕಾರವನ್ನು ಸರ್ಕಸ್ಸಿನ ಕಾಡುಪ್ರಾಣಿಗಳ ವಿಷಯದಲ್ಲಿ ಬಳಸಿದ್ದು ಯಾವಾಗ? 1991ರಲ್ಲಿ. ಕಾಯಿದೆ ಬಂದು ಮೂವತ್ತು ವರ್ಷ ತುಂಬಿದ ಮೇಲೆ.

1991ರ ಆಜ್ಞೆ ಹೊರಟ ಕೂಡಲೇ ಸರ್ಕಸ್ ಮಾಲಿಕರ ಸಂಘ ದಿಲ್ಲಿ ಹೈಕೋರ್ಟಿಗೆ ಹೋಯಿತು. ವಾದ, ಪ್ರತಿವಾದ, ಸಮಿತಿ, ವರದಿ ಎಂದು ಏಳು ವರ್ಷ ಸವೆಯಿತು. 1998ರ ಅಕ್ಟೋಬರ್ 14ರಂದು ಸರಕಾರ ಹೊಸ ಆಜ್ಞೆ ಹೊರಡಿಸಿತು: ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದನ್ನು ಪಳಗಿಸಿ ಆಡಿಸುವಂತಿಲ್ಲ. ಮಾಲಿಕರು ಈ ಸಲ ಕೇರಳ ಹೈಕೋರ್ಟಿಗೆ ಹೋದರು. ಸಂವಿಧಾನ ಕೊಟ್ಟ ವ್ಯಾಪಾರದ ಹಕ್ಕಿಗೆ ಇದರಿಂದ ಧಕ್ಕೆ ಬಂತೆಂಬುದು ಅವರ ವಾದ. 2000ದ ಜೂನಿನಲ್ಲಿ ಆ ನ್ಯಾಯಾಲಯ ವಾದವನ್ನು ತಳ್ಳಿಹಾಕಿತು. 2001ರ ಮೇ 1ರಂದು ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೇ 1 ನಮ್ಮ ಹಬ್ಬದ ದಿನ. ಆ ವರ್ಷ ಅದು ಬೋನಿನ ಹುಲಿಗೂ ಹಬ್ಬದ ದಿನವಾಯಿತು.

ಬೆಂಕಿಯ ಬಳೆಯೊಳಗೆ ಹಾರುವುದು ಹುಲಿಯ ಹುಟ್ಟುಗುಣವಲ್ಲ. ಬೆಂಕಿ ಕಂಡರೆ ಓಡುವುದು ಅದರ ಗುಣ. ಆ ಗುಣವನ್ನು ಮುರಿದು, ಬೆಂಕಿಯ ಭಯಕ್ಕಿಂತ ಚಾವಟಿಯ ಭಯವನ್ನು ದೊಡ್ಡದು ಮಾಡಿದಾಗ ಮಾತ್ರ ಅದು ಹಾರುತ್ತದೆ. ಇದನ್ನು ನಾವು ಚಪ್ಪಾಳೆ ತಟ್ಟಿ ನೋಡುತ್ತಿದ್ದೆವು. ಆದುದರಿಂದ ಆ ಆಟ ನಿಂತದ್ದು ನ್ಯಾಯವೇ. ಈ ಮಾತಿನಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ.

ಹುಲಿಗೆ ಮನೆ ಸಿಕ್ಕಿತು, ಮನುಷ್ಯನಿಗೆ?

ಈಗ ಮುಂದಿನ ಪ್ರಶ್ನೆ. ಬೋನಿನಿಂದ ಬಿಡಿಸಿದ ಹುಲಿ ಸಿಂಹಗಳು ಎಲ್ಲಿ ಹೋದವು? ಬೋನಿನಲ್ಲೇ ಹುಟ್ಟಿ ಬೆಳೆದ ಹುಲಿಯನ್ನು ಕಾಡಿಗೆ ಬಿಡುವ ಹಾಗಿಲ್ಲ. ಅದಕ್ಕೆ ಬೇಟೆ ಗೊತ್ತಿಲ್ಲ, ಮನುಷ್ಯನ ಹೆದರಿಕೆಯೂ ಇಲ್ಲ. ಸರ್ಕಸ್ಸಿನಲ್ಲಿ ಹುಟ್ಟಿದ ಸಿಂಹಗಳಲ್ಲಿ ಬಹಳಷ್ಟು ಆಫ್ರಿಕದ ಸಿಂಹಕ್ಕೂ ಗಿರ್ ಸಿಂಹಕ್ಕೂ ಹುಟ್ಟಿದ ಮಿಶ್ರತಳಿ. ಅವುಗಳ ಸಂತಾನ ಬೆಳೆಸುವಂತೆಯೂ ಇರಲಿಲ್ಲ. ಆಗ ಕೇಂದ್ರ ಮೃಗಾಲಯ ಪ್ರಾಧಿಕಾರದ ನೆರವಿನಿಂದ ಬೆಂಗಳೂರಿನ ಬನ್ನೇರುಘಟ್ಟ, ಆಂಧ್ರದ ತಿರುಪತಿ ಮತ್ತು ವಿಶಾಖಪಟ್ಟಣ, ಚೆನ್ನೈ ಬಳಿಯ ವಂಡಲೂರು ಮೊದಲಾದ ಕಡೆ ಪುನರ್ವಸತಿ ಕೇಂದ್ರಗಳನ್ನು ಮಾಡಿದರು. ಸಾಯುವತನಕ ಅವಕ್ಕೆ ಮಾಂಸ, ನೆರಳು, ಪಶುವೈದ್ಯರ ಆರೈಕೆ. ಇದು ಸರಿಯಾದ ಕೆಲಸ. ಆಟ ನಿಲ್ಲಿಸಿದ ಸರಕಾರ, ಆಟ ನಿಂತ ಮೇಲೆ ಪ್ರಾಣಿಯ ಹೊಟ್ಟೆಯ ಲೆಕ್ಕವನ್ನೂ ತಾನೇ ಹೊತ್ತುಕೊಂಡಿತು.

ಆದರೆ ಆ ಹುಲಿಗೆ ಮಾಂಸ ಕತ್ತರಿಸಿ ಹಾಕುತ್ತಿದ್ದವನು? ಬೋನು ತೊಳೆಯುತ್ತಿದ್ದವನು? ರಾತ್ರಿ ಬೋನಿನ ಪಕ್ಕದಲ್ಲೇ ಮಲಗುತ್ತಿದ್ದವನು? ಅವನಿಗೆ ಯಾವ ಬನ್ನೇರುಘಟ್ಟ? 1998ರ ಆಜ್ಞೆಯಲ್ಲಿ ಐದು ಪ್ರಾಣಿಗಳ ಹೆಸರಿತ್ತು. ಆರನೆಯವನಾದ ಅವನ ಹೆಸರಿರಲಿಲ್ಲ.

ಇಲ್ಲಿ ಬಹಳ ಎಚ್ಚರದಿಂದ ಮಾತನಾಡಬೇಕು. "ನೋಡಿ, ಪ್ರಾಣಿದಯೆಯ ಹೆಸರಿನಲ್ಲಿ ಬಡವರ ಅನ್ನ ಕಿತ್ತರು, ಆದ್ದರಿಂದ ಕಾಯಿದೆಯೇ ತಪ್ಪು" ಎಂದು ಹೇಳುವವರಿದ್ದಾರೆ. ಸಂಗಾತಿಗಳೇ, ಈ ರಾಗ ನಮಗೆ ಹೊಸದಲ್ಲ. 1881ರಲ್ಲಿ ಈ ದೇಶದ ಮೊದಲ ಕಾರ್ಖಾನೆ ಕಾಯಿದೆ ಬಂತು. ಏಳು ವರ್ಷದೊಳಗಿನ ಮಗುವನ್ನು ಗಿರಣಿಗೆ ಇಳಿಸಬಾರದು, ಏಳರಿಂದ ಹನ್ನೆರಡರವರೆಗಿನ ಮಕ್ಕಳನ್ನು ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು ಎಂಬುದಷ್ಟೇ ಅದರ ದಯೆ. ಅಷ್ಟಕ್ಕೂ ಅಡ್ಡಿ ಬಂತು. ಮಕ್ಕಳ ದುಡಿಮೆ ನಿಂತರೆ ಬಡವರ ಮನೆಯ ಒಲೆ ಆರುತ್ತದೆ ಎಂಬ ಕನಿಕರ ಧಣಿಗಳ ಬಾಯಲ್ಲಿ ಆಗೆಲ್ಲ ಉಕ್ಕಿಬರುತ್ತದೆ. ಲಾಭಕ್ಕೆ ಕುತ್ತು ಬಂದಾಗಲೇ ಧಣಿಗೆ ಬಡವನ ಒಲೆ ನೆನಪಾಗುವುದು. ಮಗುವಿನ ಬೆರಳು ಉಳಿಯಬೇಕಾದರೆ ಅದು ಯಂತ್ರದಿಂದ ದೂರ ಇರಬೇಕು. ಅಪ್ಪ ಅಮ್ಮನಿಗೆ ಹೊಟ್ಟೆ ತುಂಬುವ ಮಜೂರಿ ಬೇಕು. ಎರಡೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯುವ ಕಾಯಿದೆ ತಪ್ಪಲ್ಲ, ಅರ್ಧ. ಅರ್ಧವನ್ನು ಪೂರ್ತಿ ಮಾಡಬೇಕೇ ಹೊರತು ಇದ್ದ ಅರ್ಧವನ್ನೂ ಹರಿದು ಬಿಸಾಡಬಾರದು.

ಹಾರುವ ಮಕ್ಕಳು

ಇನ್ನು ಆಟಗಾರರ ಕತೆ. ಸರ್ಕಸ್ಸಿನ ಆಟಗಾರನನ್ನು ಕ್ರೀಡಾಪಟು ಎನ್ನಬಹುದೇ ಎಂದು ಕೆಲವರಿಗೆ ಅನುಮಾನ. ಒಲಿಂಪಿಕ್ಸಿನಲ್ಲಿ ಜಿಮ್ನಾಸ್ಟಿಕ್ಸ್ ಆಡುವವರು ಮಾಡುವ ಕಸರತ್ತನ್ನೇ ಇವರು ದಿನಕ್ಕೆ ಎರಡು ಮೂರು ಆಟದಂತೆ ವರ್ಷವಿಡೀ ಮಾಡುತ್ತಾರೆ. ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಞ್ಞಿಕಣ್ಣನ್ ಎಂಬ ಕಸರತ್ತಿನ ಗುರುಗಳಿದ್ದರು. ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಅವರು ಅಲ್ಲಿ ಸರ್ಕಸ್ ಶಾಲೆ ತೆರೆದು ಬಡ ಹುಡುಗರ ಮೈಗೆ ಕಲ್ಲಿನ ಗಟ್ಟಿತನವನ್ನೂ ಹಾವಿನ ಬಳುಕನ್ನೂ ಕಲಿಸಿದರು. ಭಾರತದ ದೊಡ್ಡ ದೊಡ್ಡ ಸರ್ಕಸ್ಸುಗಳ ಆಟಗಾರರಲ್ಲಿ ಬಹುಮಂದಿ ಆ ಊರಿನ ಸುತ್ತಲಿನವರಾಗಿದ್ದರು. ಅದು ವಿದ್ಯೆ, ಅದಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಆ ವಿದ್ಯೆಗೆ ಎಳೆಯ ಮೈ ಬೇಕು. ಎಲುಬು ಬಲಿಯುವ ಮೊದಲೇ ಬಗ್ಗಿಸಬೇಕು. ಆದುದರಿಂದ ಡೇರೆಯ ಹಿಂದೆ ಸದಾ ಮಕ್ಕಳಿದ್ದರು. ಬಡತನದಿಂದ ಬೇಸತ್ತ ತಂದೆತಾಯಿಗಳಿಗೆ ಒಂದಿಷ್ಟು ಮುಂಗಡ ಕೊಟ್ಟು, ಒಪ್ಪಂದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಕ್ಕಳನ್ನು ಒಯ್ಯುವ ದಲ್ಲಾಳಿಗಳು ಹುಟ್ಟಿಕೊಂಡರು. ನೇಪಾಳದ ಬೆಟ್ಟಗಳಿಂದಲೂ ಹೆಣ್ಣುಮಕ್ಕಳು ಬಂದರು. ಬಚಪನ್ ಬಚಾವೋ ಆಂದೋಲನ ಎಂಬ ಸಂಸ್ಥೆ 2006ರಲ್ಲಿ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 2011ರ ಏಪ್ರಿಲ್ 18ರಂದು ತೀರ್ಪು ಬಂತು: ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ಸರಕಾರ ನಿಷೇಧಿಸಬೇಕು, ಇರುವ ಮಕ್ಕಳನ್ನು ಬಿಡಿಸಬೇಕು, ಅವರ ಪಾಲನೆಗೆ ವ್ಯವಸ್ಥೆ ಮಾಡಬೇಕು.

ಲೆಕ್ಕ ಹಾಕಿ ನೋಡಿರಿ. ಹುಲಿಯ ಪರವಾಗಿ ಕೊನೆಯ ತೀರ್ಪು ಬಂದದ್ದು 2001ರಲ್ಲಿ. ಮಗುವಿನ ಪರವಾಗಿ ಬಂದದ್ದು 2011ರಲ್ಲಿ. ಒಂದೇ ಡೇರೆಯಲ್ಲಿ ಹುಲಿಮರಿಗಿಂತ ಹತ್ತು ವರ್ಷ ತಡವಾಗಿ ಮನುಷ್ಯನ ಮರಿಗೆ ಬಿಡುಗಡೆ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿದಾಗ, ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದು ಬರೆದು, ಸಿನಿಮ, ಟೆಲಿವಿಷನ್, ಕ್ರೀಡೆಗಳಲ್ಲಿ ಕೆಲವು ನಿಬಂಧನೆಗಳೊಡನೆ ಬಿಡುವು ಕೊಟ್ಟರು. ಆ ಬಿಡುವಿನ ಜೊತೆಗೇ, ಸರ್ಕಸ್ಸಿಗೆ ಈ ಬಿಡುವು ಇಲ್ಲ ಎಂದೂ ಸೇರಿಸಿದರು. ಬಾಗಿಲು ಸರಿಯಾಗಿ ಮುಚ್ಚಿತು.

ಮಕ್ಕಳು ಹೊರಗೆ ಬಂದರು. ಒಳಗೆ ಉಳಿದ ದೊಡ್ಡವರ ಗತಿ ಏನು? ಮೂವತ್ತೈದು, ನಲವತ್ತಕ್ಕೆ ಮೈ ಬಿಗಿಯುತ್ತದೆ, ಕೀಲು ಸವೆಯುತ್ತದೆ. ಗಿರಣಿಯಲ್ಲಾದರೆ ಅದು ದುಡಿಮೆಯ ನಡುವಯಸ್ಸು. ಜೋಕಾಲಿಯ ಮೇಲೆ ಅದು ಮುದಿತನ. ಓದು ಇಲ್ಲ, ಬೇರೆ ಕಸುಬು ಗೊತ್ತಿಲ್ಲ, ಊರಿನ ಬೇರು ಕಡಿದು ಎಷ್ಟೋ ಕಾಲವಾಗಿದೆ. ಕೇರಳ ಸರಕಾರ ಮಾತ್ರ ವಯಸ್ಸಾದ ಸರ್ಕಸ್ ಆಟಗಾರರಿಗೆ ತಿಂಗಳ ಪಿಂಚಣಿಯ ಏರ್ಪಾಟು ಮಾಡಿತು. ಮೊತ್ತ ದೊಡ್ಡದಲ್ಲ, ಆದರೆ ಅದರಲ್ಲಿ ಒಂದು ದೊಡ್ಡ ಮಾತಿದೆ: ಇವನು ಜನರನ್ನು ನಗಿಸಿದವನು, ಬೆರಗುಗೊಳಿಸಿದವನು, ಅಂದರೆ ದುಡಿದವನು, ದುಡಿದವನಿಗೆ ಮುಪ್ಪಿನಲ್ಲಿ ಅನ್ನದ ಹಕ್ಕಿದೆ. ಒಂದು ರಾಜ್ಯಕ್ಕೆ ತಿಳಿದದ್ದು ಉಳಿದ ರಾಜ್ಯಗಳಿಗೂ ತಿಳಿಯಬೇಡವೆ?

ಯಾವ ಪಟ್ಟಿಯಲ್ಲಿ ಹೆಸರು?

ಕಾಯಿದೆಯ ಕಣ್ಣು ವಿಚಿತ್ರವಾದದ್ದು. ಅದು ಮನುಷ್ಯನನ್ನು ನೋಡುವುದಿಲ್ಲ; ಪಟ್ಟಿಯಲ್ಲಿರುವ ಹೆಸರನ್ನು ನೋಡುತ್ತದೆ. ಪಟ್ಟಿಯಲ್ಲಿ ಹೆಸರಿದ್ದವನು ಕೈ ಮುರಿದುಕೊಂಡರೆ ಪರಿಹಾರ. ಇಲ್ಲದವನು ಕೈ ಮುರಿದುಕೊಂಡರೆ ಹಣೆಬರಹ.

1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಆನೆಗಳನ್ನೋ ಕಾಡುಪ್ರಾಣಿಗಳನ್ನೋ ಪಳಗಿಸುವ, ಸಾಕುವ, ದುಡಿಸುವ ಕೆಲಸದಲ್ಲಿರುವವನ ಹೆಸರು ಸ್ಪಷ್ಟವಾಗಿತ್ತು. ಆ ಪಟ್ಟಿ ಬರೆದವನಿಗೆ ಮಾವುತನೂ ಕಾರ್ಮಿಕ ಎಂಬುದು ಹೊಳೆದಿತ್ತು. ಇದು ಮೆಚ್ಚತಕ್ಕ ಮಾತು.

ಇನ್ನೊಂದು ಉದಾಹರಣೆ ನಮ್ಮ ರಾಜಧಾನಿಯದೇ. ಬೆಂಗಳೂರಿನ ಕುದುರೆ ಪಂದ್ಯದ ಕ್ಲಬ್ಬಿಗೆ ನೌಕರರ ರಾಜ್ಯ ವಿಮೆಯ ಕಾಯಿದೆ, ಅಂದರೆ ನಾವು ಇ.ಎಸ್.ಐ. ಎನ್ನುವುದು, ಅನ್ವಯಿಸುತ್ತದೋ ಇಲ್ಲವೋ ಎಂಬ ವ್ಯಾಜ್ಯ ಎದ್ದಿತು. ವಿಮೆ ಅಂಗಡಿಗಳಿಗೆ ಅನ್ವಯಿಸುತ್ತದೆ. ಕುದುರೆ ಓಡಿಸುವ ಜಾಗ ಅಂಗಡಿಯೆ? ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಏರಿತು. 2014ರಲ್ಲಿ ನ್ಯಾಯಾಲಯ ಹೌದು ಎಂದಿತು: ಜನರಿಗೆ ಹಣಕ್ಕೆ ಸೇವೆ ಒದಗಿಸುವ ಜಾಗ, ಈ ಕಾಯಿದೆಯ ಮಟ್ಟಿಗೆ, ಅಂಗಡಿಯೇ. ಇಲ್ಲಿರುವ ದಿನಸಿ ಅಂಗಡಿಯವರು ನಗಬಹುದು. ಆದರೆ "ಅಂಗಡಿ" ಎಂಬ ಒಂದು ಶಬ್ದದ ಅರ್ಥ ಹಿಗ್ಗಿದ್ದರಿಂದ ಕ್ಲಬ್ಬಿನ ನೌಕರರಿಗೆ ಆಸ್ಪತ್ರೆಯ ಬಾಗಿಲು ತೆರೆಯಿತು. ಕಾಯಿದೆಯ ಶಬ್ದಗಳಿಗಾಗಿ ಹೋರಾಡುವುದು ಪಂಡಿತರ ಜಗಳವಲ್ಲ, ಹೊಟ್ಟೆಯ ಜಗಳ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾರ್ಮಿಕ ಪರಿಹಾರ, ರಾಜ್ಯ ವಿಮೆ ಮೊದಲಾದ ಹಳೆಯ ಕಾಯಿದೆಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿ, ಅದನ್ನು 2025ರ ನವೆಂಬರಿನಲ್ಲಿ ಜಾರಿಗೆ ತಂದರು. ಅದೇ 2025ರಲ್ಲಿ ಲೋಕಸಭೆ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯನ್ನು ಒಪ್ಪಿತು. ರಾಷ್ಟ್ರಮಟ್ಟದ ಕ್ರೀಡಾ ಸಂಸ್ಥೆಗಳಲ್ಲಿ ಆಟಗಾರರ ಸಮಿತಿ ಇರಬೇಕು, ಕ್ರೀಡಾವಿವಾದಗಳಿಗೆ ನ್ಯಾಯಮಂಡಳಿ ಇರಬೇಕು ಎಂದು ಅದರಲ್ಲಿದೆ. ಆಟಗಾರನ ಮಾತಿಗೂ ಒಂದು ಕುರ್ಚಿ ಸಿಕ್ಕಿತು, ಸಂತೋಷ. ಆದರೆ ಅದು ಪದಕದ ಆಟಗಳ ಕಾಯಿದೆ. ಜಾತ್ರೆಯಲ್ಲಿ, ಡೇರೆಯಲ್ಲಿ, ಕೆಸರುಗದ್ದೆಯಲ್ಲಿ ಆಡುವವನ ಕಡೆಗೆ ಅದರ ಮುಖವಿಲ್ಲ.

ಕೆಸರಿನಲ್ಲಿ ಓಡುವ ಇಬ್ಬರು

ಕೆಸರುಗದ್ದೆ ಎಂದೆವು. ಈಗ ನಮ್ಮ ನಾಡಿನ ಕರಾವಳಿಗೇ ಬರೋಣ. ಸರ್ಕಸ್ಸಿನಲ್ಲಿ ಕಾಯಿದೆ ಆಟವನ್ನು ನಿಲ್ಲಿಸಿತು. ಕಂಬಳದಲ್ಲಿ ಕಾಯಿದೆ ಆಟವನ್ನು ನಡೆಯಗೊಟ್ಟಿತು. ನಡೆಯಗೊಟ್ಟ ಕಡೆ ಪ್ರಾಣಿಗೂ ಮನುಷ್ಯನಿಗೂ ಏನಾಯಿತೆಂಬುದನ್ನು ನೋಡಬೇಕು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಕಂಬಳದ ಕಾಲ. ನೀರು ತುಂಬಿದ ಕೆಸರಿನ ಓಟದ ಕಣಕ್ಕೆ ಅಲ್ಲಿಯವರು ಕರೆ ಎನ್ನುತ್ತಾರೆ. ಜೋಡಿ ಕೋಣ ಮುಂದೆ, ಓಟಗಾರ ಹಿಂದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನಗಾಡಿ ಓಟದ ವಿರುದ್ಧ ತೀರ್ಪು ಕೊಟ್ಟಿತು. ಅದರ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ನಮ್ಮ ಹೈಕೋರ್ಟು ಕಂಬಳಕ್ಕೆ ತಡೆ ಕೊಟ್ಟಿತು. ಜನ ಬೀದಿಗಿಳಿದರು. 2017ರಲ್ಲಿ ನಮ್ಮ ಶಾಸನಸಭೆ 1960ರ ಕಾಯಿದೆಗೆ ತಿದ್ದುಪಡಿ ಮಾಡಿತು. 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆಟ ನಡೆಯಲಿ, ಆದರೆ ಪ್ರಾಣಿಗೆ ಹಿಂಸೆಯಾಗದಂತೆ ಇಟ್ಟ ನಿಬಂಧನೆಗಳನ್ನು ಅಧಿಕಾರಿಗಳು ಕಟ್ಟುನಿಟ್ಟಾಗಿ ನಡೆಸಲಿ ಎಂಬುದು ಅದರ ಸಾರ.

ನಿಬಂಧನೆ ಸರಿ. ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ನಮ್ಮಲ್ಲಿದೆ. ಕಾಗದದ ಮೇಲೆ ಚಾವಟಿಯನ್ನು ಕಿತ್ತುಕೊಳ್ಳುವುದು ಸುಲಭ. ರಾತ್ರಿ ಎರಡು ಗಂಟೆಗೆ, ಸಾವಿರಾರು ಜನರ ಕೂಗಿನ ನಡುವೆ, ಊರ ದೊಡ್ಡವರ ಕೋಣ ಓಡುವಾಗ, ಅಲ್ಲಿ ನಿಂತ ಪಶುವೈದ್ಯನೊಬ್ಬ ಕೈಯೆತ್ತಿ "ನಿಲ್ಲಿಸಿ" ಎನ್ನಬಲ್ಲನೆ? ಅವನ ಹಿಂದೆ ಸರಕಾರ ನಿಂತಿದ್ದರೆ ಅಂದಾನು. ನಿಂತಿಲ್ಲದಿದ್ದರೆ ನಿಬಂಧನೆಯ ಕಾಗದ ಕೆಸರಿನಲ್ಲಿ ನೆನೆದು ಹೋಗುತ್ತದೆ.

ಇನ್ನು ಕೋಣದ ಹಿಂದೆ ಓಡುವವನು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಯುವಕ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ. ಇಡೀ ಜಗತ್ತು ಅವನನ್ನು ಉಸೇನ್ ಬೋಲ್ಟನಿಗೆ ಹೋಲಿಸಿತು. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಬರಹೇಳಿದರು. ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಆತ ವಿನಯದಿಂದ ಒಲ್ಲೆನೆಂದ. ಕೋಣಗಳ ಎಳೆತ ಅವನ ಓಟದಲ್ಲಿ ಸೇರಿದೆಯೆಂಬುದು ಅವನಿಗೇ ಗೊತ್ತಿತ್ತು. ಪತ್ರಿಕೆಗಳು ಈ ಹೋಲಿಕೆಯಲ್ಲೇ ಮೈಮರೆತವು. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ: ಅವನು ಹೊಟ್ಟೆಪಾಡಿಗೆ ಕಟ್ಟಡ ಕಟ್ಟುವ ಕೂಲಿ.

ಯೋಚಿಸಿ ನೋಡಿರಿ. ಕಟ್ಟಡ ಕಾರ್ಮಿಕರಿಗೆ 1996ರಲ್ಲಿ ಒಂದು ಕಾಯಿದೆ ಬಂತು. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಿಂದ ಎರಡರವರೆಗೆ ಸುಂಕ ಎತ್ತಿ, ಅದರಿಂದ ಕಲ್ಯಾಣ ಮಂಡಳಿ ನಡೆಸಿ, ಹೆಸರು ನೋಂದಾಯಿಸಿದ ಕೂಲಿಯ ಅಪಘಾತಕ್ಕೆ, ಕಾಯಿಲೆಗೆ, ಮುಪ್ಪಿಗೆ ನೆರವು ಕೊಡುವ ಏರ್ಪಾಟು ಅದು. ಅಂದರೆ ಸೋಮವಾರ ಸಾರದ ಮೇಲೆ ನಿಂತು ಇಟ್ಟಿಗೆ ಹೊರುವಾಗ ಬಿದ್ದರೆ ಆ ಮನುಷ್ಯನಿಗೆ ಒಂದು ಕಾಯಿದೆ ಇದೆ. ಭಾನುವಾರ ಕರೆಯಲ್ಲಿ ಕೋಣದ ಹಿಂದೆ ಬಿದ್ದು ಕಾಲು ಮುರಿದರೆ? ಅವನು ಯಾರ ನೌಕರ? ಕೋಣದ ಯಜಮಾನನವನೆ? ಕಂಬಳ ಏರ್ಪಡಿಸಿದ ಸಮಿತಿಯವನೆ? ಗೆದ್ದ ಚಿನ್ನ ಕೋಣದ ಯಜಮಾನನ ಮನೆಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಮುರಿದ ಕಾಲು ಯಾರ ಮನೆಗೆ ಹೋಗುತ್ತದೆಂಬುದೂ ಗೊತ್ತು. 2017ರ ತಿದ್ದುಪಡಿ ಪ್ರಾಣಿಹಿಂಸೆಯ ಕಾಯಿದೆಗೆ ಮಾಡಿದ್ದು. ಅದರ ಮಾತು ಕೋಣದವರೆಗೆ ಬಂದು ನಿಂತಿತು. ಕೋಣದ ಬಾಲದ ಹಿಂದೆ ಇರುವವನವರೆಗೆ ಬರಲಿಲ್ಲ.

ಇದೇ ಕರೆಯ ಇನ್ನೊಂದು ಕತೆಯನ್ನು ಹೇಳದಿದ್ದರೆ ಈ ಭಾಷಣ ಸುಳ್ಳಾಗುತ್ತದೆ. ಕರಾವಳಿಯ ಕೊರಗ ಸಮುದಾಯದವರನ್ನು ಕಂಬಳದ ಮೊದಲು ಅದೇ ಕೆಸರಿನಲ್ಲಿ ಕೋಣಗಳಂತೆ ಓಡಿಸುವ ಪದ್ಧತಿಯಿತ್ತು. ಅಲ್ಲಿ ಮುಳ್ಳು ಗಾಜು ಇದ್ದರೆ ಕೋಣದ ಕಾಲಿಗಿಂತ ಮೊದಲು ಕೊರಗರ ಕಾಲಿಗೆ ಚುಚ್ಚಲಿ ಎಂಬ ಲೆಕ್ಕಾಚಾರ. ಇದು ಅಜಲು ಎಂಬ ಪದ್ಧತಿಯ ಒಂದು ಭಾಗ. 2000ದಲ್ಲಿ ನಮ್ಮ ರಾಜ್ಯ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸಿ ಕಾಯಿದೆ ಮಾಡಿತು. ಕಂಬಳಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಓಡಿಸುವುದನ್ನು ಅಪರಾಧವೆಂದು ಅದರಲ್ಲಿ ಬಿಡಿಸಿ ಬರೆಯಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತಮೂರು ವರ್ಷವಾದ ಮೇಲೆ, ಮನುಷ್ಯನನ್ನು ಕೋಣದಂತೆ ಓಡಿಸಬೇಡಿ ಎಂದು ಸರಕಾರಿ ಗೆಜೆಟ್ಟಿನಲ್ಲಿ ಅಚ್ಚು ಹಾಕಬೇಕಾಯಿತು! ಕೋಣದ ಬೆಲೆಗಿಂತ ಮನುಷ್ಯನ ಬೆಲೆ ಕಡಮೆಯಾಗಿದ್ದ ಕಾಲ ಬಹಳ ಹಿಂದಿನದಲ್ಲ. ಆದುದರಿಂದ "ಸಂಪ್ರದಾಯ" ಎಂಬ ಮಾತು ಬಂದಾಗಲೆಲ್ಲ ನಾವು ಕೇಳಬೇಕು: ಯಾರ ಸಂಪ್ರದಾಯ? ಅದರಲ್ಲಿ ಚಿನ್ನ ಯಾರಿಗೆ, ಮುಳ್ಳು ಯಾರಿಗೆ?

ನಾವು ಕೇಳತಕ್ಕದ್ದು

2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎಣಿಸಿತು. ಹಸಿವು ಬಾಯಾರಿಕೆಗಳಿಂದ ಬಿಡುಗಡೆ, ಇರುವ ಜಾಗದ ಕಷ್ಟದಿಂದ ಬಿಡುಗಡೆ, ನೋವು, ಗಾಯ, ರೋಗಗಳಿಂದ ಬಿಡುಗಡೆ, ಭಯದಿಂದ ಬಿಡುಗಡೆ, ತನ್ನ ಸಹಜ ಗುಣದಂತೆ ಬಾಳುವ ಸ್ವಾತಂತ್ರ್ಯ. 2023ರಲ್ಲಿ ರಾಜ್ಯಗಳ ತಿದ್ದುಪಡಿಗಳು ಉಳಿದವೆಂಬುದು ಬೇರೆ ಮಾತು. ಆ ಐದು ಅಳತೆಗೋಲುಗಳು ಸುಳ್ಳಾಗಲಿಲ್ಲ. ಅವನ್ನು ಕೋಣಕ್ಕೆ ಹಿಡಿದು ನೋಡಿರಿ. ಆಮೇಲೆ ಅದೇ ಕೋಲನ್ನು ಓಟಗಾರನಿಗೂ ಡೇರೆಯ ಆಟಗಾರನಿಗೂ ಹಿಡಿದು ನೋಡಿರಿ. ಆಮೇಲೆ ಬೇಕಾದರೆ ನಮಗೂ ಹಿಡಿದುಕೊಳ್ಳೋಣ. ಪ್ರಾಣಿಗೆ ಕೊಟ್ಟದ್ದು ಹೆಚ್ಚಾಯಿತೆಂದು ನಮಗೆ ಅನ್ನಿಸುವುದಿಲ್ಲ. ಮನುಷ್ಯನಿಗೆ ಕೊಡಬೇಕಾದದ್ದು ಬಾಕಿ ಉಳಿಯಿತು ಎನ್ನಿಸುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು.

ಮೊದಲನೆಯದು, ಯಾವುದೇ ಆಟವನ್ನು ನಿಲ್ಲಿಸುವ ಕಾಯಿದೆ, ಅದರಿಂದ ಅನ್ನ ಕಳೆದುಕೊಳ್ಳುವವರ ಪಟ್ಟಿಯನ್ನೂ ಅವರಿಗೆ ಕೊಡುವ ಕೆಲಸದ ಏರ್ಪಾಟನ್ನೂ ತನ್ನೊಳಗೇ ಬರೆದುಕೊಳ್ಳಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬಾರದು; ತಪ್ಪು ಮಾಡಿದ ಯಜಮಾನ ಪಾರಾಗಿ ಬೋನು ತೊಳೆಯುವವನು ಬೀದಿಗೆ ಬೀಳಬಾರದು.

ಎರಡನೆಯದು, ಯಾವುದೇ ಆಟವನ್ನು ನಡೆಯಗೊಡುವ ಕಾಯಿದೆ, ಪ್ರಾಣಿಗೆ ಪಶುವೈದ್ಯನನ್ನು ಕಡ್ಡಾಯ ಮಾಡುವಂತೆ ಓಟಗಾರನಿಗೆ ಆಪತ್ತಿನ ವಿಮೆಯನ್ನೂ ಕಡ್ಡಾಯ ಮಾಡಬೇಕು. ವಿಮೆಯ ಕಂತನ್ನು ಚಿನ್ನ ಗೆಲ್ಲುವವನೂ ಟಿಕೇಟು ಮಾರುವವನೂ ಕಟ್ಟಬೇಕು.

ಮೂರನೆಯದು, ಕೇರಳದಲ್ಲಿ ಇರುವಂತೆ ಇಲ್ಲಿಯೂ ಮೈ ಸವೆಸಿದ ಆಟಗಾರರಿಗೆ ಮುಪ್ಪಿನ ಪಿಂಚಣಿ ಬೇಕು. ಅದು ಬರುವತನಕ ಒಂದು ಕೆಲಸವನ್ನು ನಾವೇ ಮಾಡಬಹುದು. ಅಸಂಘಟಿತ ಕಾರ್ಮಿಕರ ಹೆಸರು ದಾಖಲಿಸಲು 2021ರ ಆಗಸ್ಟಿನಲ್ಲಿ ಇ-ಶ್ರಮ್ ನೋಂದಣಿ ತೆರೆದರು. ಡೇರೆಯವರು ಊರಿಂದ ಊರಿಗೆ ಅಲೆಯುವವರು. ಕಚೇರಿ ತಿಳಿಯದು, ಅರ್ಜಿ ಬರೆಯಲು ಬಾರದು. ನಮ್ಮ ಊರಿಗೆ ಡೇರೆ ಬಂದಾಗ ನಮ್ಮ ಸಂಘದ ಇಬ್ಬರು ಹೋಗಿ ಅರ್ಜಿ ತುಂಬಿಸಿ ಕೊಡಲಿ. ಕಾಯಿದೆಯ ಕಣ್ಣಿಗೆ ಬೀಳಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರು ಬೀಳಬೇಕು.

ನಾಲ್ಕನೆಯದು, ಪ್ರಾಣಿಯನ್ನು ಹಿಂಸಿಸಿದವನಿಗೆ ಹಾಕುವ ದಂಡ ಅವನ ಲಾಭಕ್ಕೆ ತಕ್ಕಂತೆ ಇರಬೇಕು. ಸಾವಿರಾರು ರೂಪಾಯಿ ಗಳಿಸುವವನಿಗೆ 50 ರೂಪಾಯಿ ದಂಡವಲ್ಲ, ಪರವಾನಗಿಯ ಶುಲ್ಕ.

ಇಷ್ಟೆಲ್ಲ ಸರಕಾರವನ್ನು ಕೇಳುವಾಗ ನಮ್ಮ ಜೇಬನ್ನೂ ಕೇಳಿಕೊಳ್ಳಬೇಕು. ಆಟ ನಡೆಯುವುದು ನಮ್ಮ ಟಿಕೇಟಿನಿಂದ. ಬೆಂಕಿಯ ಬಳೆಗೆ ಚಪ್ಪಾಳೆ ತಟ್ಟಿದವರು ನಾವು; ಚಪ್ಪಾಳೆ ಇಲ್ಲದಿದ್ದರೆ ಬಳೆಗೆ ಬೆಂಕಿ ಹಚ್ಚುತ್ತಿರಲಿಲ್ಲ. ಮುಂದೆ ನಮ್ಮ ಮೈದಾನಕ್ಕೆ ಡೇರೆ ಬಂದರೆ, ಟಿಕೇಟು ಕೊಳ್ಳುವ ಮೊದಲು ಬಾಗಿಲಲ್ಲಿ ನಿಂತು ಕೇಳೋಣ: ಜೋಕಾಲಿಯ ಕೆಳಗೆ ಬಲೆ ಕಟ್ಟಿದ್ದೀರಾ? ಒಳಗೆ ಮಕ್ಕಳಿದ್ದಾರೆಯೆ? ಬಿದ್ದವನ ಆಸ್ಪತ್ರೆಯ ಖರ್ಚು ಯಾರದು? ಹತ್ತು ಜನ ಕೇಳಿದರೆ ಮಾಲಿಕ ಗದರಿಯಾನು. ಸಾವಿರ ಜನ ಕೇಳಿದರೆ ಬಲೆ ಕಟ್ಟಿಯಾನು.

ಗಿರಣಿಯ ಯಂತ್ರಗಳಿಗೆ ಬೇಲಿ ಹಾಕಿಸಿದ್ದೂ ಹೀಗೆ ಕೇಳಿ ಕೇಳಿಯೇ.